ಸೂಜಿ, ನಗೆ ಮತ್ತು ಮತ

ನೂರು ವರ್ಷಗಳ ಹಿಂದೆ ಮತದ ಹಕ್ಕಿಗಾಗಿ ಬೀದಿಗಿಳಿದ ಬ್ರಿಟನ್ನಿನ ಹೆಂಗಸರು ಒಂದು ಕೈಯಲ್ಲಿ ಕಸೂತಿಯನ್ನೂ ಇನ್ನೊಂದು ಕೈಯಲ್ಲಿ ಹಾಸ್ಯವನ್ನೂ ಹಿಡಿದಿದ್ದರು. ಆ ಹೋರಾಟಕ್ಕೆ ಇಂದು ಗೌರವ ಸಲ್ಲಿಸುವವರೂ ಅವೆರಡನ್ನೇ ಆರಿಸಿಕೊಳ್ಳುತ್ತಿದ್ದಾರೆ. ಯಾಕೆ?

1908ರ ಜೂನ್ 13, ಶನಿವಾರ ಮಧ್ಯಾಹ್ನ. ಲಂಡನ್ನಿನ ಥೇಮ್ಸ್ ನದಿ ದಂಡೆಯ ರಸ್ತೆಯಲ್ಲಿ ಹೆಂಗಸರು ಸಾಲುಗಟ್ಟುತ್ತಿದ್ದಾರೆ. ಪದವಿಯ ನಿಲುವಂಗಿ ತೊಟ್ಟವರು, ವೈದ್ಯೆಯರು, ದಾದಿಯರು, ಶಿಕ್ಷಕಿಯರು, ನಟಿಯರು, ದುಡಿದು ತಿನ್ನುವ ಕಾರ್ಮಿಕ ಹೆಂಗಸರು, ಎಲ್ಲ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ಅವರ ತಲೆಯ ಮೇಲೆ ರೇಷ್ಮೆ, ಮಖಮಲ್ಲುಗಳ ಬ್ಯಾನರುಗಳು ಗಾಳಿಗೆ ಉಬ್ಬುತ್ತಿವೆ. ಒಂದರ ಮೇಲೆ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಹೆಸರು, ಇನ್ನೊಂದರ ಮೇಲೆ ಫ್ಲಾರೆನ್ಸ್ ನೈಟಿಂಗೇಲ್ ಹೆಸರು, ಮತ್ತೊಂದರ ಮೇಲೆ ಆಗಿನ್ನೂ ನಲವತ್ತರ ವಯಸ್ಸಿನ ವಿಜ್ಞಾನಿ ಮೇರಿ ಕ್ಯೂರಿಯ ಹೆಸರು.

ಮೆರವಣಿಗೆ ರಾಯಲ್ ಆಲ್ಬರ್ಟ್ ಹಾಲ್ ಸೇರುವಷ್ಟರಲ್ಲಿ ಲಂಡನ್ನಿನ ಜನ ರಸ್ತೆಯ ಎರಡೂ ಬದಿ ನಿಂತು ಅದನ್ನು ಕಣ್ತುಂಬ ನೋಡಿದ್ದರು. ಮತದ ಹಕ್ಕನ್ನು ಒಪ್ಪದ ಪತ್ರಿಕೆಗಳೂ ಬ್ಯಾನರುಗಳ ಅಂದವನ್ನು ಹೊಗಳದೆ ಇರಲಾಗಲಿಲ್ಲ. ಮುಂದೆ ಅವನ್ನು ಬೇರೆ ಬೇರೆ ಊರುಗಳಿಗೆ ಕೊಂಡೊಯ್ದು ಪ್ರದರ್ಶನಕ್ಕಿಟ್ಟರು.

ಮಹಿಳಾ ಮತಾಧಿಕಾರದ ಹೋರಾಟ ಎಂದರೆ ಕಿಟಕಿ ಗಾಜು ಒಡೆದದ್ದು, ಜೈಲು, ಉಪವಾಸ ಎಂಬಷ್ಟು ನಮಗೆ ಗೊತ್ತು. ಅದರ ಹಿಂದೆ ಸಾವಿರಾರು ಗಂಟೆಗಳ ಹೊಲಿಗೆಯೂ ಹೊಟ್ಟೆ ಹುಣ್ಣಾಗಿಸುವ ನಗೆಯೂ ಇತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅರ್ಜಿಯಿಂದ ಬೀದಿಗೆ

ಕಥೆ ಶುರುವಾಗುವುದು ಕಾಗದದಿಂದ. 1866ರಲ್ಲಿ ಸುಮಾರು 1,500 ಹೆಂಗಸರು ಸಹಿ ಮಾಡಿದ ಅರ್ಜಿಯೊಂದನ್ನು ಚಿಂತಕ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿಗೆ ಕೊಟ್ಟರು. ಅಲ್ಲಿಂದ ನಾಲ್ಕು ದಶಕ ಅರ್ಜಿಯ ಮೇಲೆ ಅರ್ಜಿ ಹೋಯಿತು. ಫಲ ಸಿಗಲಿಲ್ಲ.

1897ರಲ್ಲಿ ಹಲವು ಸಂಘಗಳು ಒಂದಾಗಿ ರಾಷ್ಟ್ರೀಯ ಒಕ್ಕೂಟವೊಂದು ಹುಟ್ಟಿತು. ಮಿಲಿಸೆಂಟ್ ಫಾಸೆಟ್ ಅದರ ನಾಯಕಿ. ಕಾನೂನು ಮೀರದೆ, ಮನವೊಲಿಸಿ ಗೆಲ್ಲಬೇಕು ಎಂಬುದು ಅವರ ದಾರಿ. 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಎಮೆಲೀನ್ ಪ್ಯಾಂಕ್‌ಹರ್ಸ್ಟ್ ಇನ್ನೊಂದು ಸಂಘ ಕಟ್ಟಿದರು. ಮಾತು ಸಾಕು, ಕೆಲಸ ಆಗಲಿ ಎಂಬುದು ಅವರ ಪಟ್ಟು.

1907ರ ಫೆಬ್ರವರಿಯಲ್ಲಿ ಫಾಸೆಟ್ ಬಳಗದ ಮೂರು ಸಾವಿರ ಹೆಂಗಸರು ಮಳೆಯಲ್ಲಿ ನೆನೆಯುತ್ತ, ಕೆಸರು ತುಳಿಯುತ್ತ ಲಂಡನ್ನಿನಲ್ಲಿ ನಡೆದರು. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಹಾಗೆ ಬೀದಿಯಲ್ಲಿ ನಡೆಯುವುದೇ ಆ ಕಾಲಕ್ಕೆ ದೊಡ್ಡ ಸುದ್ದಿ. ನಾಲ್ಕು ದಶಕಗಳ ಅರ್ಜಿ ಮಾಡಲಾಗದ್ದನ್ನು ಒಂದು ಮೆರವಣಿಗೆ ಮಾಡಿತು: ಊರೆಲ್ಲ ಆ ಬಗ್ಗೆ ಮಾತಾಡಿತು. ಮೆರವಣಿಗೆ ಅಂದಮೇಲೆ ದೂರದಿಂದ ಕಾಣುವ ಗುರುತು ಬೇಕು. ಆ ಗುರುತನ್ನು ಮಾಡುವ ಕೈಗಳು ಸಿದ್ಧವಾಗಿದ್ದವು.

ಹೊಲಿಗೆ ಕಲಿಸಿದವರು ಊಹಿಸದ್ದು

ಅಂದಿನ ಬ್ರಿಟನ್ನಿನಲ್ಲಿ ಹೆಣ್ಣುಮಗು ಯಾವ ಮನೆಯಲ್ಲಿ ಹುಟ್ಟಿದರೂ ಸೂಜಿ ಹಿಡಿಯುವುದನ್ನು ಕಲಿಯಲೇಬೇಕಿತ್ತು. ಬಡವರ ಮಗಳಿಗೆ ಹರಿದದ್ದನ್ನು ಹೊಲಿಯುವ ಕೆಲಸ, ಉಳ್ಳವರ ಮಗಳಿಗೆ ಕಸೂತಿ. ತಲೆ ತಗ್ಗಿಸಿ, ಬಾಯಿ ಮುಚ್ಚಿ, ಒಂದೆಡೆ ಕೂತು ಮಾಡುವ ಕೆಲಸ ಅದು. ಹೆಣ್ಣಿಗೆ ತಾಳ್ಮೆ, ವಿಧೇಯತೆ ಕಲಿಸಲು ಹೊಲಿಗೆಯೇ ಸರಿ ಎಂದು ದೊಡ್ಡವರು ನಂಬಿದ್ದರು. ಹೀಗೆ ವಿಧೇಯತೆಗಾಗಿ ಕಲಿಸಿದ ಕೌಶಲವೇ ಪ್ರತಿಭಟನೆಯ ಸಾಧನವಾದ ಬಗೆಯನ್ನು ಕಲಾ ಇತಿಹಾಸಕಾರ್ತಿ ರೋಸಿಕಾ ಪಾರ್ಕರ್ 1984ರಲ್ಲಿ ಒಂದು ಇಡೀ ಪುಸ್ತಕದಲ್ಲಿ ವಿವರಿಸಿದ್ದಾರೆ.

ಇದಕ್ಕೆ ದಾರಿ ಮಾಡಿದವರಲ್ಲಿ ಮುಖ್ಯರು ಮೇರಿ ಲೌಂಡ್ಸ್. ಚರ್ಚಿನ ಕಿಟಕಿಗಳಿಗೆ ಬಣ್ಣದ ಗಾಜಿನ ಚಿತ್ರ ಮಾಡುವುದು ಅವರ ವೃತ್ತಿ. 1907ರಲ್ಲಿ ಅವರು ಕಲಾವಿದೆಯರನ್ನು ಸೇರಿಸಿ ಮತಾಧಿಕಾರಕ್ಕಾಗಿಯೇ ಒಂದು ಕಲಾವಿದರ ಕೂಟ ಕಟ್ಟಿದರು. 1908ರ ಮೆರವಣಿಗೆಯ ಬಹುಪಾಲು ಬ್ಯಾನರುಗಳ ವಿನ್ಯಾಸ ಅವರದೇ.

ಅವರ ಕೆಲಸದ ರೀತಿ ನೋಡಿ. ಮೊದಲು ಜಲವರ್ಣದಲ್ಲಿ ಚಿಕ್ಕ ನಕ್ಷೆ. ಅದರ ಪಕ್ಕದಲ್ಲೇ ಬಳಸಬೇಕಾದ ಬಟ್ಟೆಯ ಚೂರುಗಳ ಮಾದರಿ. ಆಮೇಲೆ ಅದನ್ನು ದೊಡ್ಡದಾಗಿ ಬರೆದು, ಬಟ್ಟೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಹೊಲಿದು, ಅಂಚಿಗೆ ದಪ್ಪ ಹುರಿ ಕೂರಿಸುವುದು. ಗಾಜಿನ ಚಿತ್ರದಲ್ಲಿ ಬಣ್ಣದ ತುಂಡುಗಳ ನಡುವೆ ಸೀಸದ ಗೆರೆ ಇರುತ್ತದಲ್ಲ, ಬಟ್ಟೆಯಲ್ಲಿ ಆ ಕೆಲಸವನ್ನು ಹುರಿ ಮಾಡಿತು. ಹಾಗಾಗಿ ದೂರದಿಂದಲೂ ಚಿತ್ರ ಸ್ಪಷ್ಟ. ಬಟ್ಟೆಯ ಚೂರುಗಳನ್ನು ಅಂಟಿಸಿದ ಅವರ ನಕ್ಷೆಗಳ ಆಲ್ಬಮ್ ಇಂದಿಗೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಮಹಿಳಾ ಗ್ರಂಥಾಲಯದಲ್ಲಿದೆ.

ಬ್ಯಾನರ್ ಎಂದರೆ ಓದುವ ಭಿತ್ತಿಪತ್ರವಲ್ಲ, ಗಾಳಿಯಲ್ಲಿ ಆಡಬೇಕಾದ ಬಟ್ಟೆ ಎಂಬುದು ಲೌಂಡ್ಸ್ ಅವರ ಖಚಿತ ನಿಲುವು. ಬ್ಯಾನರ್ ತಯಾರಿಸುವುದು ಹೇಗೆಂದು ಅವರು ಕೈಪಿಡಿಯನ್ನೇ ಬರೆದರು. ಅಲ್ಲಿಯವರೆಗೆ ಕಾರ್ಮಿಕ ಸಂಘಗಳು ದುಡ್ಡು ಕೊಟ್ಟು ಕಂಪನಿಗಳಿಂದ ಬಣ್ಣ ಬಳಿದ ಬ್ಯಾನರುಗಳನ್ನು ತರಿಸಿಕೊಳ್ಳುತ್ತಿದ್ದವು. ಹೆಂಗಸರು ತಮ್ಮ ಬ್ಯಾನರನ್ನು ತಾವೇ ಹೊಲಿದರು. ಹೊಲಿಯಲು ಕೂತ ಕೋಣೆಗಳಲ್ಲಿ ಸಂಘಟನೆಯೂ ಬೆಳೆಯಿತು.

ಪ್ಯಾಂಕ್‌ಹರ್ಸ್ಟ್ ಬಳಗ 1908ರಲ್ಲಿ ನೇರಳೆ, ಬಿಳಿ, ಹಸಿರು ಬಣ್ಣಗಳನ್ನು ತನ್ನದಾಗಿಸಿಕೊಂಡಿತು. ನೇರಳೆ ಘನತೆಗೆ, ಬಿಳಿ ಪರಿಶುದ್ಧತೆಗೆ, ಹಸಿರು ಭರವಸೆಗೆ. ಹ್ಯಾಟಿನ ರಿಬ್ಬನ್ನಿನಲ್ಲಿ, ಭುಜದಿಂದ ಇಳಿಬಿಟ್ಟ ಪಟ್ಟಿಯಲ್ಲಿ ಆ ಮೂರು ಬಣ್ಣ ಕಂಡರೆ ಸಾಕು, ಬೇರೆ ಮಾತು ಬೇಕಿರಲಿಲ್ಲ.

ನಗುವವರನ್ನೇ ನಗೆಗೀಡು ಮಾಡಿದರು

ಇನ್ನು ಹಾಸ್ಯ. ಮತ ಕೇಳುವ ಹೆಂಗಸರನ್ನು ಗೇಲಿ ಮಾಡುವುದು ಅಂದಿನ ಬ್ರಿಟನ್ನಿನಲ್ಲಿ ಒಂದು ವ್ಯಾಪಾರವೇ ಆಗಿತ್ತು. ಹಲ್ಲುಬ್ಬಿದ, ಕೊಡೆ ಝಳಪಿಸುವ, ಮದುವೆಯಾಗದ ಮುದುಕಿ. ಅಳುವ ಮಗುವನ್ನು ಎತ್ತಿಕೊಂಡು ಕಂಗಾಲಾದ ಗಂಡ. ಇಂಥ ಚಿತ್ರಗಳ ಅಂಚೆಕಾರ್ಡುಗಳು ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದವು.

ಹೆಂಗಸರು ಇದಕ್ಕೆ ಮುಖ ಊದಿಸಿಕೊಳ್ಳಲಿಲ್ಲ. ನಗೆಗೆ ನಗೆಯಲ್ಲೇ ಉತ್ತರ ಕೊಟ್ಟರು.

1909ರ ಫೆಬ್ರವರಿಯಲ್ಲಿ ಇಬ್ಬರು ಹೋರಾಟಗಾರ್ತಿಯರು, ಡೇಸಿ ಸಾಲೊಮನ್ ಮತ್ತು ಎಲ್ಸ್‌ಪೆತ್ ಮೆಕ್ಲೆಲ್ಲಂಡ್, ಅಂಚೆ ಕಚೇರಿಗೆ ಹೋಗಿ ತಮ್ಮನ್ನೇ ಪ್ರಧಾನಿಯ ವಿಳಾಸಕ್ಕೆ ಅಂಚೆ ಮಾಡಿಕೊಂಡರು! ಮನುಷ್ಯರನ್ನೂ ತುರ್ತು ಅಂಚೆಯಲ್ಲಿ ಕಳಿಸಲು ಅಂದಿನ ನಿಯಮದಲ್ಲಿ ಅವಕಾಶವಿತ್ತು. ಪ್ರಧಾನಿ ಆಸ್ಕ್ವಿತ್ ಹೆಂಗಸರ ನಿಯೋಗಗಳನ್ನು ಭೇಟಿ ಮಾಡಲು ಒಪ್ಪುತ್ತಿರಲಿಲ್ಲ, ಅಂಚೆಯನ್ನಾದರೂ ತೆಗೆದುಕೊಳ್ಳಬೇಕಲ್ಲ! ಅಂಚೆಯ ಹುಡುಗ ಇಬ್ಬರನ್ನೂ 10 ಡೌನಿಂಗ್ ಸ್ಟ್ರೀಟಿಗೆ ಕರೆತಂದ. ಒಳಗಿನವರು ಈ 'ಕಾಗದ'ಗಳನ್ನು ಸ್ವೀಕರಿಸದೆ ವಾಪಸು ಕಳಿಸಿದರು. ಪತ್ರಿಕೆಗಳಲ್ಲಿ ಆ ಫೋಟೊ ಬಂತು. ಯಾರು ನಗೆಗೀಡಾದರು ಎಂದು ಬೇರೆ ಹೇಳಬೇಕಿಲ್ಲ.

ಅದೇ ವರ್ಷ ಸಿಸಿಲಿ ಹ್ಯಾಮಿಲ್ಟನ್ ಮತ್ತು ಕ್ರಿಸ್ಟೋಫರ್ ಸೇಂಟ್ ಜಾನ್ ಎಂಬ ಇಬ್ಬರು ಲೇಖಕಿಯರು 'ಮತ ಗೆದ್ದದ್ದು ಹೇಗೆ' ಎಂಬ ಪ್ರಹಸನ ಬರೆದರು. ಹೆಂಗಸರನ್ನು ಗಂಡಸರು ಸಾಕುತ್ತಾರೆ, ಅವರಿಗೆ ಮತ ಯಾಕೆ ಎಂದು ಸರ್ಕಾರ ಹೇಳುತ್ತದೆ. ಸರಿ ಎಂದು ದೇಶದ ದುಡಿಯುವ ಹೆಂಗಸರೆಲ್ಲ ಕೆಲಸ ಬಿಟ್ಟು, ಹತ್ತಿರದ ಗಂಡು ನೆಂಟನ ಮನೆಗೆ ಗಂಟುಮೂಟೆ ಸಮೇತ ಬಂದಿಳಿಯುತ್ತಾರೆ. ಲಂಡನ್ನಿನ ಒಬ್ಬ ಬಡ ಗುಮಾಸ್ತನ ಮನೆಬಾಗಿಲಿಗೆ ತಂಗಿ, ಚಿಕ್ಕಮ್ಮ, ದೂರದ ನೆಂಟರೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ. ನಾಟಕ ಮುಗಿಯುವ ಹೊತ್ತಿಗೆ, ಹೆಂಗಸರಿಗೆ ಮತ ಕೊಡಿ ಎಂದು ಕೂಗುತ್ತ ಸಂಸತ್ತಿನ ಕಡೆ ಓಡುವವನು ಆ ಗುಮಾಸ್ತನೇ. ವಾದದಿಂದ ಹೇಳಿದ್ದರೆ ಹತ್ತು ಪುಟ ಬೇಕಾಗುತ್ತಿದ್ದ ಸತ್ಯವನ್ನು ಅರ್ಧ ಗಂಟೆಯ ಪ್ರಹಸನ ಪ್ರೇಕ್ಷಕರ ಮುಂದಿಟ್ಟಿತು: ಹೆಂಗಸರು ಆಗಲೇ ದುಡಿಯುತ್ತಿದ್ದರು, ದೇಶ ಅವರ ದುಡಿಮೆಯ ಮೇಲೆ ನಿಂತಿತ್ತು.

ಕೆನಡಾದ ವಿನಿಪೆಗ್‌ನಲ್ಲಿ ಈ ತಂತ್ರ ಇನ್ನೂ ಹರಿತವಾಯಿತು. 1914ರ ಜನವರಿ 27ರಂದು ಲೇಖಕಿ ನೆಲ್ಲಿ ಮೆಕ್ಲಂಗ್ ಮತದ ಹಕ್ಕು ಕೇಳಲು ಮ್ಯಾನಿಟೋಬ ಪ್ರಾಂತ್ಯದ ಮುಖ್ಯಸ್ಥ ರಾಬ್ಲಿನ್ ಎದುರು ನಿಯೋಗ ಕೊಂಡೊಯ್ದರು. ರಾಬ್ಲಿನ್ ನಯವಾದ ಮಾತಿನಲ್ಲಿ ಉಪದೇಶ ಮಾಡಿ, ಆಗದು ಎಂದರು. ಮೆಕ್ಲಂಗ್ ಅವರ ಧಾಟಿ, ಕೈಸನ್ನೆಗಳನ್ನೆಲ್ಲ ಗಮನವಿಟ್ಟು ನೋಡಿಕೊಂಡರು. ಮರುದಿನ ಸಂಜೆ ವಾಕರ್ ಥಿಯೇಟರಿನಲ್ಲಿ ಒಂದು ಅಣಕು ಸಂಸತ್ತು. ಅಲ್ಲಿ ಆಳುವವರು ಹೆಂಗಸರು. ಮತ ಬೇಡಿ ಬಂದವರು ಗಂಡಸರು. ಮುಖ್ಯಸ್ಥೆಯ ಪಾತ್ರದಲ್ಲಿದ್ದ ಮೆಕ್ಲಂಗ್ ಹಿಂದಿನ ದಿನ ಕೇಳಿದ್ದನ್ನೇ ತಿರುಗಿಸಿ ಹಾಡಿದರು: ಗಂಡಸರು ಅಷ್ಟು ಒಳ್ಳೆಯವರು, ರಾಜಕೀಯದ ಕೊಳೆ ಅವರಿಗೇಕೆ? ಮತ ಕೊಟ್ಟರೆ ಸಂಸಾರದ ಗತಿ ಏನು? ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ಎರಡು ವರ್ಷಕ್ಕೆ ಸರಿಯಾಗಿ, 1916ರ ಜನವರಿ 28ರಂದು, ಕೆನಡಾದಲ್ಲಿ ಹೆಂಗಸರಿಗೆ ಮತ ಕೊಟ್ಟ ಮೊದಲ ಪ್ರಾಂತ್ಯ ಮ್ಯಾನಿಟೋಬ ಆಯಿತು. ಒಂದು ನಾಟಕದಿಂದ ಕಾನೂನು ಬರುವುದಿಲ್ಲ, ನಿಜ. ಆದರೆ ಒಮ್ಮೆ ಜನ ಮನಸಾರೆ ನಕ್ಕ ವಾದವನ್ನು ಮತ್ತೆ ಗಂಭೀರವಾಗಿ ಮುಂದಿಡುವುದು ಯಾವ ನಾಯಕನಿಗೂ ಕಷ್ಟ.

ಜೈಲಿನೊಳಗಿನ ಸಹಿಗಳು

ನಗೆಯ ಜೊತೆಗೆ ನೋವೂ ಬೆಳೆಯುತ್ತಿತ್ತು. 1909ರ ಜುಲೈನಲ್ಲಿ ಕಲಾವಿದೆ ಮೇರಿಯನ್ ವ್ಯಾಲೇಸ್ ಡನ್‌ಲಪ್ ಹಾಲೋವೇ ಜೈಲಿನಲ್ಲಿ ಉಪವಾಸ ಕೂತರು. ಉಳಿದವರೂ ಅದೇ ದಾರಿ ಹಿಡಿದರು. ಸೆಪ್ಟೆಂಬರಿನಿಂದ ಸರ್ಕಾರ ಕೈಕಾಲು ಹಿಡಿಸಿ, ನಳಿಕೆ ತೂರಿಸಿ, ಬಲವಂತದಿಂದ ಆಹಾರ ಇಳಿಸಲು ಶುರು ಮಾಡಿತು.

ಆ ಉಪವಾಸಿಗಳ ನೆನಪಿಗೆ ಗ್ಲಾಸ್ಗೋ ಕಲಾಶಾಲೆಯಲ್ಲಿ ಕಸೂತಿ ಕಲಿಸುತ್ತಿದ್ದ ಆ್ಯನ್ ಮ್ಯಾಕ್‌ಬೆತ್ 1910ರಲ್ಲಿ ಒಂದು ಹೊದಿಕೆ ರೂಪಿಸಿದರು. ನಮ್ಮ ಉತ್ತರ ಕರ್ನಾಟಕದ ಕೌದಿಯಂತೆ ತುಂಡು ಬಟ್ಟೆಗಳನ್ನು ಜೋಡಿಸಿ ಮಾಡಿದ್ದು. ಒಂದೊಂದು ಲಿನನ್ ತುಂಡಿನ ಮೇಲೆ ಉಪವಾಸ ಮಾಡಿದ ಒಬ್ಬೊಬ್ಬ ಹೆಂಗಸಿನ ಸಹಿ, ದಾರದಲ್ಲಿ. ಒಟ್ಟು 80 ಸಹಿ. ಆಮೇಲೆ ಅದನ್ನೇ ಬ್ಯಾನರಾಗಿ ಮಾರ್ಪಡಿಸಿ, ಆ ವರ್ಷದ ಜೂನ್ ಮೆರವಣಿಗೆಯಲ್ಲಿ ಎತ್ತಿ ಹಿಡಿದು ನಡೆದರು. ಮೈಮೇಲೆ ಹೊದೆಯುವ ವಸ್ತು ಬೀದಿಯ ಸಾಕ್ಷ್ಯವಾಯಿತು. ಅದೀಗ ಲಂಡನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಇನ್ನೊಂದು ಬಟ್ಟೆ ತೀರಾ ಚಿಕ್ಕದು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ವೆಸ್ಟ್ ಹೋತ್ಲಿ ಎಂಬ ಹಳ್ಳಿಯಲ್ಲಿ ಪ್ರೀಸ್ಟ್ ಹೌಸ್ ಎಂಬ ಹಳೆಯ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿರುವ ಕರವಸ್ತ್ರವೊಂದರ ಮೇಲೆ 66 ಸಹಿಗಳ ಕಸೂತಿಯಿದೆ. ಜೊತೆಗೆ ಇಬ್ಬರ ಹೆಸರಿನ ಮೊದಲಕ್ಷರಗಳು. ಕಿಟಕಿ ಒಡೆದ ಪ್ರಕರಣಗಳಲ್ಲಿ 1912ರ ಮಾರ್ಚಿನಲ್ಲಿ ಹಾಲೋವೇ ಸೇರಿದ ಹೆಂಗಸರ ಕೈಕೆಲಸ ಅದು. ಪ್ರತಿಯೊಬ್ಬರದೂ ಅವರವರ ಕೈಬರಹ. ಪಹರೆಯ ಕಣ್ಣಳತೆಯಲ್ಲಿ, ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಸಾಗುತ್ತ ತುಂಬಿಕೊಂಡ ಆ ಬಟ್ಟೆಯಲ್ಲಿ ಘೋಷಣೆಗಿಂತ ಮಿಗಿಲಾಗಿ ಕಾಣುವುದು ಹೆಸರು. ನಾನು ಇಲ್ಲಿದ್ದೆ ಎಂಬ ಹಾಜರಿ.

ಜೈಲಿನಲ್ಲೂ ನಗೆ ಬಿಟ್ಟುಹೋಗಲಿಲ್ಲ. ಹೋರಾಟದ ಹಾಡಿಗೆ ಸಂಗೀತ ಕೊಟ್ಟ ಎಥೆಲ್ ಸ್ಮಿತ್ ಕೂಡ 1912ರಲ್ಲಿ ಅಲ್ಲೇ ಕೈದಿ. ಅವರನ್ನು ನೋಡಲು ಹೋದ ಸಂಗೀತಗಾರ ಥಾಮಸ್ ಬೀಚಮ್ ಕಂಡ ದೃಶ್ಯ ಪ್ರಸಿದ್ಧ: ಅಂಗಳದಲ್ಲಿ ಸುತ್ತುತ್ತ ಹಾಡುವ ಕೈದಿ ಹೆಂಗಸರು, ಮೇಲೆ ಕಿಟಕಿಯಿಂದ ಹಲ್ಲುಜ್ಜುವ ಬ್ರಷ್ ಬೀಸುತ್ತ ತಾಳ ಹಾಕುವ ಸ್ಮಿತ್.

ಇಂದಿನ ಗೌರವ

1918ರ ಫೆಬ್ರವರಿ 6ರ ಕಾನೂನು ಬ್ರಿಟನ್ನಿನಲ್ಲಿ 30 ವರ್ಷ ದಾಟಿದ, ಆಸ್ತಿಯ ಷರತ್ತಿಗೆ ಒಳಪಡುವ ಹೆಂಗಸರಿಗೆ ಮತ ಕೊಟ್ಟಿತು. ಗಂಡಸರಿಗೆ ಸಮನಾಗಿ 21ಕ್ಕೇ ಮತ ಸಿಕ್ಕಿದ್ದು 1928ರಲ್ಲಿ.

ಆ ಮೊದಲ ಗೆಲುವಿಗೆ ನೂರು ತುಂಬಿದಾಗ, 2018ರ ಜೂನ್ 10ರಂದು, ಲಂಡನ್, ಎಡಿನ್‌ಬರೋ, ಕಾರ್ಡಿಫ್, ಬೆಲ್‌ಫಾಸ್ಟ್‌ಗಳಲ್ಲಿ ಸಾವಿರಾರು ಹೆಂಗಸರು ಹಸಿರು, ಬಿಳಿ, ನೇರಳೆ ಶಾಲು ಹೊದ್ದು ಒಟ್ಟಿಗೆ ನಡೆದರು. ಅದಕ್ಕಾಗಿ ನೂರು ಕಲಾವಿದೆಯರು ನೂರು ಸಮುದಾಯಗಳ ಜೊತೆ ಕೂತು ಹೊಸ ಬ್ಯಾನರುಗಳನ್ನು ಮಾಡಿದ್ದರು. ಕಲಾವಿದೆ ಲೂಸಿ ಓರ್ಟಾ ಡೌನ್‌ವ್ಯೂ ಮಹಿಳಾ ಜೈಲಿನ ಕೈದಿಗಳ ಜೊತೆ ಕೆಲಸ ಮಾಡಿದರು. ಹಾಲೋವೇ ಕರವಸ್ತ್ರದ ವಾರಸುದಾರರು ಯಾರು ಎಂದು ಕೇಳಿದರೆ ನಾನು ಆ ಹೆಂಗಸರನ್ನೇ ತೋರಿಸುತ್ತೇನೆ.

ಅದೇ ವರ್ಷದ ಏಪ್ರಿಲಿನಲ್ಲಿ ಲಂಡನ್ನಿನ ಸಂಸತ್ ಚೌಕದಲ್ಲಿ ಮಿಲಿಸೆಂಟ್ ಫಾಸೆಟ್ ಪ್ರತಿಮೆ ನಿಂತಿತು. ಆ ಚೌಕದಲ್ಲಿ ಹೆಣ್ಣಿನ ಮೊದಲ ಪ್ರತಿಮೆ ಅದು. ಶಿಲ್ಪಿ ಗಿಲಿಯನ್ ವೇರಿಂಗ್ ಆಕೆಯ ಎರಡೂ ಕೈಗೆ ಕೊಟ್ಟದ್ದು ಒಂದು ಬ್ಯಾನರ್.

ಹಾಸ್ಯದಲ್ಲಿ ಸಂದ ಗೌರವವೂ ಇದೆ. ನಟಿ ಜೆಸಿಕಾ ಹೈನ್ಸ್ ಬರೆದು ನಟಿಸಿದ 'ಅಪ್ ದ ವಿಮೆನ್' ಎಂಬ ಧಾರಾವಾಹಿ 2013ರಲ್ಲಿ ಬಿಬಿಸಿಯಲ್ಲಿ ಬಂತು. 1910ರ ಇಂಗ್ಲೆಂಡಿನ ಬ್ಯಾನ್‌ಬರಿ ಪಟ್ಟಣ. ಚರ್ಚಿನ ಸಭಾಂಗಣದಲ್ಲಿ ಸೇರುವ ಕಸೂತಿ ಕೂಟ. ಲಂಡನ್ನಿಗೆ ಹೋಗಿ ಹೋರಾಟ ಕಂಡುಬಂದ ಮಾರ್ಗರೆಟ್‌ಗೆ ಇಲ್ಲೂ ಏನಾದರೂ ಮಾಡಬೇಕೆಂಬ ತವಕ. ಉಳಿದವರಿಗೆ ಗಂಡ, ಊರು, ಮರ್ಯಾದೆಯ ಅಂಜಿಕೆ. ಕೊನೆಗೆ ಕೂಟ ಮತದ ಹಕ್ಕನ್ನು ವಿನಯದಿಂದ ಕೋರಲು ತೀರ್ಮಾನಿಸುತ್ತದೆ! ನಾವು ನಗುತ್ತೇವೆ. ನಗುತ್ತಲೇ, ಇತಿಹಾಸದಲ್ಲಿ ಹೆಸರಿಲ್ಲದ ಸಾಮಾನ್ಯ ಹೆಂಗಸರಿಗೆ ಒಂದು ಹೆಜ್ಜೆ ಮುಂದಿಡಲು ಎಷ್ಟು ಧೈರ್ಯ ಬೇಕಾಯಿತು ಎಂಬುದು ಅರ್ಥವಾಗುತ್ತದೆ.

ಯಾವ ನಗೆ?

ಎಲ್ಲ ಹಾಸ್ಯವೂ ಗೌರವವಲ್ಲ. 1964ರ 'ಮೇರಿ ಪಾಪಿನ್ಸ್' ಸಿನಿಮಾ ನೆನಪಿಸಿಕೊಳ್ಳಿ. ಮಕ್ಕಳ ತಾಯಿ ಶ್ರೀಮತಿ ಬ್ಯಾಂಕ್ಸ್ ಮತಾಧಿಕಾರದ ಹೋರಾಟಗಾರ್ತಿ. ಹಾಡುತ್ತಾಳೆ, ಕುಣಿಯುತ್ತಾಳೆ, ಗಂಡ ಬಂದೊಡನೆ ಎಲ್ಲ ಬಚ್ಚಿಡುತ್ತಾಳೆ. ಕೊನೆಗೆ ಹೋರಾಟದ ಪಟ್ಟಿಯನ್ನು ಮಕ್ಕಳ ಗಾಳಿಪಟಕ್ಕೆ ಬಾಲವಾಗಿ ಕಟ್ಟಿಬಿಡುತ್ತಾಳೆ. ನೋಡಲು ಚೆಂದದ ದೃಶ್ಯವೇ. ಆದರೆ ಮತದ ಹಕ್ಕು ಸಂಸಾರ ಸರಿಹೋಗುವವರೆಗಿನ ಒಂದು ಹವ್ಯಾಸ ಎಂಬ ಅರ್ಥ ಅಲ್ಲಿ ಉಳಿಯುತ್ತದೆ. ಆ ಪಟ್ಟಿ ತೊಟ್ಟು ಹೋರಾಡಿ ಜೈಲು ಕಂಡವರಿಗೆ ಇದು ನ್ಯಾಯವಲ್ಲ.

ಅಳತೆಗೋಲು ಸರಳ. ನಗೆಯ ಬಾಣ ಅಧಿಕಾರದ ಕಡೆಗಿದ್ದರೆ, ಅಥವಾ ಅಂಜುತ್ತಲೇ ಮುಂದೆ ಬಂದವರ ಮೇಲಿನ ಅಕ್ಕರೆಯಿಂದ ಹುಟ್ಟಿದ್ದರೆ ಅದು ಗೌರವ. ಹೋರಾಡಿದವಳನ್ನೇ ಬೊಂಬೆಯಾಗಿಸಿದರೆ ಹಳೆಯ ಅಂಚೆಕಾರ್ಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಬಟ್ಟೆಯ ವಿಷಯದಲ್ಲೂ ಅಷ್ಟೆ. ಮೂರು ಬಣ್ಣದ ರಿಬ್ಬನ್ ಮಾರುವುದು ಸುಲಭ. ಹೆಂಗಸರನ್ನು ಒಟ್ಟಿಗೆ ಕೂರಿಸಿ, ಅವರ ಮಾತನ್ನು ಅವರ ಕೈಯಿಂದಲೇ ಹೊಲಿಸುವುದು ನಿಜವಾದ ಸ್ಮರಣೆ.

ಮಂಗಳೂರಿನವರೆಗೆ ಬಂದ ದಾರ

ಈ ಕಥೆಯ ಒಂದು ಎಳೆ ನಮ್ಮಲ್ಲಿಗೂ ಬಂದಿದೆ. 1911ರ ಜೂನ್ 17ರಂದು ಲಂಡನ್ನಿನಲ್ಲಿ ಸುಮಾರು 40,000 ಹೆಂಗಸರು ನಡೆದ ಮೆರವಣಿಗೆಯಲ್ಲಿ ಸೀರೆಯುಟ್ಟ ಭಾರತೀಯ ಮಹಿಳೆಯರ ಪುಟ್ಟ ತಂಡವೂ ಇತ್ತು. ಅದಕ್ಕೂ ಮುಂಚೆ, 1910ರಲ್ಲಿ, ಹಾಲೋವೇ ಜೈಲು ಕಂಡ ಐರಿಷ್ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದು ನೆಲೆಸಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಲ್ಲಲು ಹುರಿದುಂಬಿಸಿದವರು ಅವರೇ. ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರಾದ ಕಮಲಾದೇವಿ ಅಲ್ಪ ಅಂತರದಲ್ಲಿ ಸೋತರು. ಮುಂದೆ ಇದೇ ಕಮಲಾದೇವಿ ಸ್ವತಂತ್ರ ಭಾರತದ ಕೈಮಗ್ಗ, ಕಸೂತಿ, ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟರು.

ಸ್ವತಂತ್ರ ಭಾರತ ಮೊದಲ ಮಹಾಚುನಾವಣೆಯಲ್ಲೇ ಗಂಡು ಹೆಣ್ಣೆನ್ನದೆ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು. ಆದರೂ 1951-52ರ ಆ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಹೊರಗುಳಿದರು. ಕಾರಣ, ಅವರು ತಮ್ಮ ಹೆಸರು ಹೇಳಿರಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು.

ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಬೇಕು: ಜೈಲಿನಲ್ಲಿ ಕೂತು ತಮ್ಮ ಹೆಸರನ್ನು ಹೊಲಿದ 66 ಮಂದಿ, ತಮ್ಮ ಹೆಸರು ಹೇಳಲಾಗದೆ ಮತ ಕಳೆದುಕೊಂಡ 28 ಲಕ್ಷ ಮಂದಿ. ಮತದ ಹಕ್ಕು ಎಂದರೆ ಮೊದಲಿಗೆ ಸ್ವಂತ ಹೆಸರಿನ ಹಕ್ಕು.

ನಿಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಕೌದಿಯೋ ಅಮ್ಮ ಹಾಕಿದ ಕಸೂತಿಯೋ ಇದ್ದರೆ, ಅದರ ಮೂಲೆಯಲ್ಲಿ ಆಕೆಯ ಹೆಸರನ್ನು, ಇಸವಿಯ ಸಮೇತ, ಇಂದೇ ಹೊಲಿದಿಡಿ. ಮುಂದಿನ ಚುನಾವಣೆಗೆ ಮುಂಚೆ ಮನೆಯ ಎಲ್ಲ ಹೆಂಗಸರ ಹೆಸರೂ ಮತದಾರರ ಪಟ್ಟಿಯಲ್ಲಿದೆಯೇ, ಸರಿಯಾಗಿದೆಯೇ ಎಂದು ಒಮ್ಮೆ ನೋಡಿ.